ಭಾವನ ಜೇಬಿನ ಕೀಲಿ

ಲಿಫ್ಟ್ ರಿಪೇರಿಯವರಲ್ಲಿ ಒಂದು ನಿಯಮವಿದೆ. ತಳದ ಗುಂಡಿಗೆ ಇಳಿಯುವವನು ಮೇನ್ ಸ್ವಿಚ್ಚಿಗೆ ಬೀಗ ಜಡಿದು, ಕೀಲಿಯನ್ನು ತನ್ನ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಮರಿ ಮಾತ್ರ ಅದನ್ನು ಭಾವನ ಕೈಗೆ ಕೊಟ್ಟು ಇಳಿಯುತ್ತಿದ್ದ. ಐವತ್ತು ದಾಟಿ ತಲೆ ಬೋಳಾಗಿದ್ದರೂ ಭಾವನ ಬಾಯಲ್ಲಿ ಅವನು ಮರಿಯೇ. ಅಕ್ಕನ ಗಂಡ, ಕೆಲಸ ಕಲಿಸಿದವನು; ಅವನನ್ನು ನಂಬದೆ ಇನ್ನಾರನ್ನು ನಂಬುವುದು? ಕೆಳಗಿನಿಂದ "ಭಾವಾ, ಇದ್ದೀರಾ?" ಎಂದರೆ, "ಎಲ್ಲಿಗೆ ಹೋಗ್ಲಿ, ನಿನ್ನ ಜೀವ ನನ್ನ ಜೇಬಲ್ಲಿದೆ" ಎಂಬ ಉತ್ತರ ಮೇಲಿನಿಂದ ತಪ್ಪದೆ ಬರುತ್ತಿತ್ತು.

ಇಂಥ ಭಾವ ಒಂದು ದಿನ, ಮರಿ ಇನ್ನೂ ಗುಂಡಿಯಲ್ಲಿ ಬಗ್ಗಿ ಎಣ್ಣೆ ಒರೆಸುತ್ತಿರುವಾಗಲೇ, ಬೀಗ ತೆಗೆದು ಸ್ವಿಚ್ ಹಾಕಿಬಿಟ್ಟ. ಲಿಫ್ಟು ಇಳಿಯತೊಡಗಿತು. ಮರಿ ಗುಂಡಿಯ ಗೋಡೆಯಲ್ಲಿದ್ದ, ಲಿಫ್ಟು ನಿಲ್ಲಿಸುವ ಕೆಂಪು ಬಟನ್ ಒತ್ತಿ ಬದುಕಿದ. ಏಣಿ ಹತ್ತಿ ಮೇಲೆ ಬಂದರೆ, ಭಾವ ಸಲಕರಣೆಗಳನ್ನು ಚೀಲಕ್ಕೆ ತುಂಬುತ್ತಾ "ಕೆಲಸ ಮುಗೀತಲ್ಲ?" ಎಂದ. ಬೀಗ ತೆಗೆದದ್ದು, ಸ್ವಿಚ್ ಹಾಕಿದ್ದು, ಚೀಲ ಕಟ್ಟಿದ್ದು ಎಲ್ಲವೂ ಅಚ್ಚುಕಟ್ಟು. ನಡುವಿನ ಒಂದು ಹೆಜ್ಜೆ ಮಾತ್ರ ಮಾಯ. ಮರಿ ಮೇಲೆ ಬರಬೇಕು ಎನ್ನುವುದೇ ಆ ಹೆಜ್ಜೆ.

ಆಸ್ಪತ್ರೆಯಲ್ಲಿ ಡಾಕ್ಟರು ಮಿದುಳಿನ ಚಿತ್ರದ ಬಿಳಿ ಮಚ್ಚೆಗಳನ್ನು ತೋರಿಸಿದರು. "ಬಿಪಿಯಿಂದ ಸಣ್ಣ ಸಣ್ಣ ರಕ್ತನಾಳಗಳು ಗಟ್ಟಿಯಾಗಿವೆ, ಕೆಲವು ಮುಚ್ಚೇ ಹೋಗಿವೆ. ಕೈಗೆ ಕೆಲಸ ನೆನಪಿರುತ್ತೆ. ಯಾವುದಾದ ಮೇಲೆ ಯಾವುದು ಅನ್ನೋದು ತಪ್ಪುತ್ತೆ. ಒಂದಷ್ಟು ದಿನ ಹೀಗೇ ನಿಂತಿರುತ್ತೆ, ಆಮೇಲೆ ಇದ್ದಕ್ಕಿದ್ದಂತೆ ಒಂದು ಮೆಟ್ಟಿಲು ಇಳಿಯಬಹುದು."

"ಮೆಟ್ಟಿಲು ಇಳಿಯೋದಾದ್ರೆ ಲಿಫ್ಟಿನೋರು ನಾವ್ಯಾಕಿರೋದು ಡಾಕ್ಟ್ರೇ?" ಎಂದು ಭಾವ ನಕ್ಕ.

ಬೇರಾರೂ ನಗಲಿಲ್ಲ. ಬಿಪಿ ಮಾತ್ರೆ ಕಂಡರೆ ಮೂಗು ಮುರಿಯುತ್ತಿದ್ದ ಮನುಷ್ಯ. ಹೇಳಿ ಹೇಳಿ ಅಕ್ಕನಿಗೆ ಸಾಕಾಗಿ ಹೋಗಿತ್ತು. ಈಗ ಬೈದು ಏನು ಬಂತು?

ಕೆಲಸ ಬಿಡಿಸಿದ ಮೇಲೆ ಭಾವ ಮನೆಯಲ್ಲಿ ಗೋಡೆ ನೋಡುತ್ತಾ ಕೂತುಬಿಟ್ಟ. "ಕರ್ಕೊಂಡು ಹೋಗೋ, ಸುಮ್ನೆ ಜೊತೇಲಿರ್ಲಿ" ಎಂದು ಅಕ್ಕ ಅತ್ತಳು. ಅಳುಕುತ್ತಲೇ ಮರಿ ಮರುದಿನ ಭಾವನನ್ನು ಕರೆದೊಯ್ದ. ಅಂದಿನಿಂದ ಕೀಲಿ ಮರಿಯ ಜೇಬಿಗೇ ಹೋಯಿತು. ಭಾವ ಬಿಡಬೇಕಲ್ಲ! ತನ್ನ ಜೇಬು ತಡವಿ ನೋಡಿ, "ಕೀಲಿ ನನ್ನ ಹತ್ರ ಇಲ್ಲ, ಇಳೀಬೇಡ" ಎಂದು ಅಡ್ಡ ನಿಲ್ಲುತ್ತಿದ್ದ. ಕೊನೆಗೆ ಮರಿ ಯಾವುದೋ ಹಳೆಯ ಪೆಟ್ಟಿಗೆಯ ಕೀಲಿಯನ್ನು ಅವನ ಕೈಗಿತ್ತು, ಇದೇ ಅದು ಎಂದು ಸುಳ್ಳು ಹೇಳಿ ಇಳಿಯತೊಡಗಿದ. ಕೆಲಸ ಕಲಿಸಿದವನಿಗೇ ಹೀಗೆ ಮಂಕುಬೂದಿ ಎರಚುವಾಗ ಅವನು ಭಾವನ ಮುಖ ನೋಡುತ್ತಿರಲಿಲ್ಲ.

ಒಂದು ಮಧ್ಯಾಹ್ನ, ಬಟ್ಟೆ ಅಂಗಡಿಯ ಸರಕಿನ ಲಿಫ್ಟಿನ ಗುಂಡಿಯಿಂದ ಮರಿ ಕೂಗಿದ. "ಭಾವಾ, ಇದ್ದೀರಾ?"

ಉತ್ತರವಿಲ್ಲ. ಮತ್ತೆ ಕೂಗಿದ. ಏಣಿ ಹತ್ತಿ ಬಂದು ನೋಡಿದರೆ, ಭಾವ ಸ್ವಿಚ್ಚಿನ ಪೆಟ್ಟಿಗೆಯ ಕೆಳಗೆ ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದ. ಬಾಯಿಯ ಒಂದು ಬದಿ ಜೋತಿತ್ತು. ಮುಷ್ಟಿ ಬಿಗಿದೇ ಇತ್ತು.

"ಏಳಿ ಭಾವ, ಆಸ್ಪತ್ರೆಗೆ ಹೋಗೋಣ" ಎಂದು ಮರಿ ಕೈ ಹಿಡಿದೆಳೆದ.

ಭಾವ ಮುಷ್ಟಿಯನ್ನು ಎದೆಗೆ ಅವುಚಿಕೊಂಡು, ಗುರುತಿಲ್ಲದವನನ್ನು ನೋಡುವಂತೆ ಅವನನ್ನು ನೋಡಿದ.

"ಯಾರಪ್ಪ ನೀನು? ಕೀಲಿ ಕೊಡಲ್ಲ" ಎಂದು ತೊದಲಿದ. "ಕೆಳಗೆ ನಮ್ಮ ಮರಿ ಇದ್ದಾನೆ."