ಬೇಗಡೆ ಅಂಟಿದ ಬೆಂಡು

ಐವತ್ತರ ದಶಕದ ಕೊನೆಯಲ್ಲಿ ನಾನು ಶಿಕಾರಿಪುರದ ಹೈಸ್ಕೂಲಿಗೆ ವಿಜ್ಞಾನ ಹೇಳಿಕೊಡಲು ಬಂದೆ. ಪ್ರಯೋಗದ ಬೀರುವಿನಲ್ಲಿ ಒಡೆದ ಗಾಜು, ಕಿಲುಬು ಹಿಡಿದ ತಕ್ಕಡಿ, ಜೊತೆಗೆ ಒಂದು ಪುಟ್ಟ ಸ್ಟ್ಯಾಂಡು ಇದ್ದವು. ಆ ಸ್ಟ್ಯಾಂಡಿನಿಂದ ಬೆಂಡಿನ ಗುಂಡೊಂದನ್ನು ರೇಷ್ಮೆಯ ಎಳೆಯಲ್ಲಿ ಇಳಿಬಿಟ್ಟು, ರೇಷ್ಮೆ ಬಟ್ಟೆಯಿಂದ ಉಜ್ಜಿದ ಗಾಜಿನ ಕಡ್ಡಿಯನ್ನು ಹತ್ತಿರ ತಂದರೆ ಗುಂಡು ತಾನಾಗಿ ಕಡ್ಡಿಯತ್ತ ಬರಬೇಕು. ವಿದ್ಯುತ್ತಿನ ಪಾಠ ಶುರುವಾಗುವುದೇ ಅಲ್ಲಿಂದ. ಆದರೆ ಗುಂಡನ್ನು ಹುಳ ತಿಂದು ಮುಗಿಸಿತ್ತು, ಬರೀ ಎಳೆ ಜೋತಾಡುತ್ತಿತ್ತು. ಹೆಡ್ಮಾಸ್ತರು ನೋಡಿ, ಬೆಂಡು ತಾನೆ, ಸೊರಬದಲ್ಲಿ ಬಾಸಿಂಗ ಮಾಡುವವರ ಮನೆಯಲ್ಲಿ ರಾಶಿ ಬಿದ್ದಿರುತ್ತದೆ, ಹೋಗಿ ತನ್ನಿ ಎಂದರು.

ಮದುಮಕ್ಕಳ ಹಣೆಗೆ ಕಟ್ಟುವ ಬಾಸಿಂಗದ ಮಾತು ಬಂದ ಮೇಲೆ ನನ್ನ ವಿಷಯ ಹೇಳಲೇಬೇಕು. ನಾನು ವಿಧವೆ. ಹೈಸ್ಕೂಲು ಮುಗಿಸುವ ಮೊದಲೇ ಮದುವೆಯಾಗಿತ್ತು, ಕೈಯ ಬಳೆ ಹಳತಾಗುವ ಮೊದಲೇ ಅದು ಮುಗಿದೂ ಹೋಗಿತ್ತು. ಅಪ್ಪ ಹಟ ಹಿಡಿದು ಓದಿಸಿದರು, ಕೆಲಸ ಸಿಕ್ಕಿತು. ಶಿಕಾರಿಪುರದಲ್ಲಿ ನನಗೆ ಹಿಂಭಾಗದ ಕೋಣೆ ಬಾಡಿಗೆಗೆ ಕೊಟ್ಟವರು ಕೆಟ್ಟ ಜನವೇನಲ್ಲ. ಹಬ್ಬಕ್ಕೆ ಹೋಳಿಗೆ ಕೊಡುತ್ತಿದ್ದರು, ಜ್ವರ ಬಂದರೆ ಗಂಜಿ ಕಳಿಸುತ್ತಿದ್ದರು. ಆದರೆ ಅವರ ಮನೆಯವರು ಶುಭಕಾರ್ಯಕ್ಕೆ ಹೊರಡುವಾಗ ಯಜಮಾನಿ ಅಂಗಳಕ್ಕೆ ಬಂದು ಒಮ್ಮೆ ಕೆಮ್ಮುತ್ತಿದ್ದರು. ನಾನು ಒಳಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುತ್ತಿದ್ದೆ, ಗಾಡಿಯ ಸದ್ದು ದೂರವಾದ ಮೇಲೆ ತೆಗೆಯುತ್ತಿದ್ದೆ. ಆ ಕೆಮ್ಮು ನನಗೆ ಎಷ್ಟು ರೂಢಿಯಾಗಿತ್ತೆಂದರೆ, ಪಾಪ, ಅವರಿಗೆ ನಿಜವಾಗಿ ನೆಗಡಿಯಾದ ದಿನ ನಾನು ಬೆಳಗಿನಿಂದ ಒಳಗೇ ಕೂತಿದ್ದೆ. ಶಾಲೆ ಬಿಟ್ಟರೆ ಮರುದಿನದ ಗಂಟೆ ಹೊಡೆಯುವವರೆಗೆ ಯಾರೊಡನೆಯೂ ಮಾತಿಲ್ಲ. ಒಂಟಿತನ ಅಭ್ಯಾಸವಾಗುತ್ತದೆ ಎಂದು ಹೇಳುವವರನ್ನು ಕಂಡರೆ ನನಗೆ ಈಗಲೂ ಆಗುವುದಿಲ್ಲ. ಅದು ಅಭ್ಯಾಸವಾಗುವುದಿಲ್ಲ.

ಒಂದು ಭಾನುವಾರ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ಬಸ್ಸು ಹಿಡಿದೆ. ಗಾಳಿಗೆ ಸೆರಗನ್ನು ಹಣೆಯವರೆಗೂ ಎಳೆದುಕೊಂಡಿದ್ದೆ. ಬಾಸಿಂಗ ಮಾಡುವ ಗುಡಿಗಾರರ ಮನೆಯಲ್ಲಿ ಗಂಡ ಒಳಗೆ ಗಂಧದ ಪೆಟ್ಟಿಗೆ ಕೆತ್ತುತ್ತಿದ್ದರು. ಹೆಂಡತಿ ಜಗಲಿಯಲ್ಲಿ ಕೂತು ಬೆಂಡನ್ನು ಕಾಗದದಷ್ಟು ತೆಳ್ಳಗೆ ಹೆರೆಯುತ್ತಿದ್ದರು. ಐವತ್ತು ದಾಟಿದ ಹೆಂಗಸು, ಬಾಯಿ ತುಂಬ ಎಲೆಯಡಿಕೆ. ಶಿಕಾರಿಪುರದ ಶಾಲೆಯವಳು, ಬೆಂಡು ಬೇಕಿತ್ತು ಎಂದೆ. ಅವರು ಕೈಕೆಲಸದಿಂದ ಕಣ್ಣೆತ್ತಲಿಲ್ಲ.

"ಲಗ್ನ ಯಾರದ್ದು ಅಕ್ಕೋರೆ? ನಿಮ್ದೇನಾ?"

ಬೆಂಡು ಕೇಳಿಕೊಂಡು ಬಂದವರಿಗೆ ಅಲ್ಲಿ ಬೇರೆ ಪ್ರಶ್ನೆಯೇ ಇರಲಿಲ್ಲ. ಲಗ್ನವಲ್ಲ, ವಿದ್ಯುತ್ತಿನ ಪಾಠಕ್ಕೆ ಎಂದೆ. ಅವರಿಗೆ ನಗು ತಡೆಯಲಾಗಲಿಲ್ಲ. ಕರೆಂಟಿನ ಕಂಬಕ್ಕೂ ಬಾಸಿಂಗ ಕಟ್ಟುವ ಕಾಲ ಬಂತಂತೆ ಎಂದು ಒಳಗಿದ್ದ ಗಂಡನಿಗೆ ಕೂಗಿ ಹೇಳಿದರು. ನಾನೂ ನಕ್ಕೆ. ನಗುವಾಗ ಸೆರಗು ಜಾರಿತು. ನನ್ನ ಬರಿಯ ಹಣೆ ಕಂಡು ಅವರ ನಗು ಅಲ್ಲೇ ನಿಂತಿತು. ಬೆಂಡಿನ ಒಂದು ಕಟ್ಟನ್ನು ನನ್ನ ಕಡೆ ಸರಿಸಿ, ಕೂತ್ಕೊಳ್ಳಿ, ಚಾ ಕುಡಿದು ಹೋಗಿ ಎಂದರು. ನಾನು ಕೂತೆ.

ಆಮೇಲೆ ಭಾನುವಾರ ಬಂತೆಂದರೆ ಸೊರಬ. ಶಾಲೆಯ ಮಕ್ಕಳಂತೆ, ಇದು ಪರೀಕ್ಷೆಗೆ ಬರುತ್ತದಾ ಎಂದು ಕೇಳದೆ ನನ್ನ ಮಾತು ಕೇಳುವವರು ಒಬ್ಬರಾದರೂ ಸಿಕ್ಕಿದ್ದರು. ಬಾಸಿಂಗಕ್ಕೆ ಬೆಂಡೇ ಏಕೆ ಎಂಬ ಬಗ್ಗೆ ನಮ್ಮಿಬ್ಬರಿಗೆ ದೊಡ್ಡ ವಾದವೇ ನಡೆಯಿತು. ಅದರೊಳಗೆಲ್ಲ ಗಾಳಿ ತುಂಬಿದ ಸಣ್ಣ ಸಣ್ಣ ಕೋಣೆಗಳಿವೆ, ಅದಕ್ಕೇ ಅಷ್ಟು ಹಗುರ, ಹಣೆಗೆ ಭಾರವಾಗುವುದಿಲ್ಲ ಎಂದು ನಾನು. ಅದೆಲ್ಲ ಅಲ್ಲ, ಚಿನ್ನದ್ದು ಮಾಡಿದರೆ ಪೆಟ್ಟಿಗೆ ಸೇರುತ್ತದೆ, ಬಾಸಿಂಗ ಆ ಹೊತ್ತಿನದು, ಹಾಗಾಗಿ ಕೆರೆಯಲ್ಲಿ ಬೆಳೆಯುವ ಗಿಡದ ಬೆಂಡು ಎಂದು ಅವರು. ಅದು ಆಮೇಲೆ ಯಾರೋ ಕಟ್ಟಿದ ಕಾರಣ ಎಂದೆ. ನಿಮ್ಮ ಗಾಳಿ ಕೋಣೆಯನ್ನು ನೀವು ಕಂಡಿದ್ದೀರಾ, ಅದೂ ಪುಸ್ತಕದಲ್ಲಿ ಯಾರೋ ಬರೆದದ್ದೇ ಅಲ್ಲವಾ ಎಂದರು. ನನಗೆ ಸಿಟ್ಟು ಬಂತು. ಮುಂದಿನ ವಾರ ಶಾಲೆಯ ಭೂತಗನ್ನಡಿ ಒಯ್ದು ಕೋಣೆಗಳನ್ನು ತೋರಿಸಿಯೇಬಿಟ್ಟೆ. ಅವರು ಬಹಳ ಹೊತ್ತು ನೋಡಿದರು. ಸೋತೆ ಎನ್ನಲಿಲ್ಲ, ಆದರೆ ಮರುವಾರ ಹೋದಾಗ ಒಂದು ಬಾಸಿಂಗದ ಅಂಚಿನಲ್ಲಿ ಅಂಥದೇ ಪುಟ್ಟ ಕೋಣೆಗಳ ಸಾಲು ಕೊರೆದಿದ್ದರು. ಜೇನುಹುಟ್ಟಿನಂಥ ಬಾಸಿಂಗವನ್ನು ಯಾರು ಕೊಳ್ಳುತ್ತಾರೆ ಎಂದು ಗಂಡ ಬೈದರಂತೆ. ಆದರೆ ಅದೇ ಮೊದಲು ಮಾರಿಹೋಯಿತಂತೆ.

ಅವರಿಗೆ ತೋರಿಸಲೆಂದು ಜಗಲಿಗೆ ಒಯ್ದ ನನ್ನ ಪ್ರಯೋಗ ಮಾತ್ರ ಕೈಕೊಟ್ಟಿತು. ಮಳೆಗಾಲದಲ್ಲಿ ಸೊರಬದ ಗಾಳಿಗೆ ಉಪ್ಪು ಕೂಡ ನೀರಾಗುತ್ತದೆ. ಎಷ್ಟು ಉಜ್ಜಿದರೂ ಗುಂಡು ಕದಲಲಿಲ್ಲ. ತೇವದಲ್ಲಿ ವಿದ್ಯುತ್ತು ನಿಲ್ಲುವುದಿಲ್ಲ, ಮಳೆ ಹೋಗಲಿ ಎಂದೆ.

"ಹಂಗಾರೆ ನಿಮ್ಮ ಶಾಸ್ತ್ರಕ್ಕೂ ಮುಹೂರ್ತ ಬೇಕು ಅನ್ನಿ" ಎಂದು ಛೇಡಿಸಿದರು.

ಇಷ್ಟರಲ್ಲಿ ನಾನೊಂದನ್ನು ಗಮನಿಸಿದ್ದೆ. ನೋಡಿ ನೋಡಿ ಲೆಕ್ಕ ಕಟ್ಟುವುದು ನನ್ನ ಕಸುಬಲ್ಲವೇ. ಹೆರೆದ ಬೆಂಡು, ಕತ್ತರಿಸಿದ ಹೂವು, ಎಸಳು, ಎಲ್ಲವನ್ನೂ ಅವರು ನನ್ನ ಕೈಗೆ ಕೊಡುತ್ತಿದ್ದರು. ನಾನು ಜೋಡಿಸಿಯೂ ಕೊಡುತ್ತಿದ್ದೆ. ಆದರೆ ಹುಣಸೆಬೀಜದ ಅಂಟು ಸವರಿ ಅದರ ಮೇಲೆ ಹೊಳೆಯುವ ಬೇಗಡೆಯ ತಗಡು ಹಚ್ಚಿದರೋ, ಅದು ಮೆಲ್ಲಗೆ ಅವರ ಆಚೆ ಬದಿಗೆ ಹೋಗುತ್ತಿತ್ತು. ನಾನು ಕೈ ಚಾಚುತ್ತಿರಲಿಲ್ಲ, ಅವರು ಬೇಡ ಎನ್ನುತ್ತಿರಲಿಲ್ಲ. ಬೇಗಡೆಯ ಈಚೆಗೆ ಅದು ಬೆಂಡು, ಆಚೆಗೆ ಬಾಸಿಂಗ. ಲೋಕದ ಬೇರೆ ಯಾವ ವಿಷಯವನ್ನಾದರೂ ಬಾಯಿ ತುಂಬ ಮಾತಾಡುತ್ತಿದ್ದ ನಾವು ಇದೊಂದನ್ನು ಎತ್ತುತ್ತಿರಲಿಲ್ಲ. ಎತ್ತಿದರೆ ಆ ಜಗಲಿಯೂ ಹೋದೀತು ಎಂಬ ಹೆದರಿಕೆ ನನಗಿತ್ತು.

ಸಂಕ್ರಾಂತಿ ಕಳೆಯಿತು. ಗಾಳಿ ಒಣಗಿತು, ಮದುವೆಯ ಕಾಲವೂ ಬಂತು. ಸ್ಟ್ಯಾಂಡು, ಕಡ್ಡಿ, ರೇಷ್ಮೆ ತುಂಡು ತೆಗೆದುಕೊಂಡು ಹೋದೆ. ಕೈತುಂಬ ಕೆಲಸವಿದ್ದರೂ ಅವರು ಕತ್ತಿ ಕೆಳಗಿಟ್ಟು ಕೂತರು. ಮೊದಲು ಕೈಗೆತ್ತಿಕೊಂಡದ್ದು ರೇಷ್ಮೆಯನ್ನು. ಅಂಚನ್ನು ಬೆರಳಿನಲ್ಲಿ ಸವರಿ, ಧಾರೆಸೀರೆ ಅಲ್ಲವಾ ಎಂದು ಕೇಳಿದರು. ಹೌದು, ನನ್ನದೇ ಎಂದೆ. ಪೆಟ್ಟಿಗೆಯ ತಳದಲ್ಲಿ ಸುಮ್ಮನೆ ಕೊಳೆಯುತ್ತಿದ್ದ ಆ ಸೀರೆಯನ್ನು ಪಾಠಕ್ಕೆಂದು ನಾನೇ ಕತ್ತರಿಸಿದ್ದೆ. ಅವರು ಅದನ್ನು ಮಡಿಸಿ ನನ್ನ ಕೈಗೆ ಕೊಟ್ಟರು.

ಕಡ್ಡಿ ಉಜ್ಜಿ ಗುಂಡಿನ ಹತ್ತಿರ ತಂದೆ. ಗುಂಡು ಓಡಿ ಬಂತು, ಕಡ್ಡಿಯನ್ನು ಮುಟ್ಟಿತು, ಮುಟ್ಟಿದ್ದೇ ತಡ ದೂರ ಸರಿಯಿತು. ಕಡ್ಡಿಯನ್ನು ಎಷ್ಟು ಹತ್ತಿರ ಒಯ್ದರೂ ಹಿಂದೆ ಹಿಂದೆ ಹೋಯಿತು. ಇನ್ನೊಮ್ಮೆ ತೋರಿಸಿ ಎಂದರು. ತೋರಿಸಿದೆ.

"ಕರೆಯೋದೂ ಅದೇ, ದೂಡೋದೂ ಅದೇ. ಇದೆಂತ ಕಡ್ಡಿ ಅಕ್ಕೋರೆ?"

ಮುಟ್ಟಿದಾಗ ಕಡ್ಡಿಯಲ್ಲಿದ್ದದ್ದೇ ಗುಂಡಿಗೂ ಬರುತ್ತದೆ, ಒಂದೇ ಬಗೆಯವು ಒಂದನ್ನೊಂದು ದೂಡುತ್ತವೆ ಎಂದು ವಿವರಿಸಿದೆ. ಆ ದಿನ ಪ್ರಯೋಗ ಗೆದ್ದ ಖುಷಿಗೋ ಏನೋ, ಅಷ್ಟು ದಿನ ಗಂಟಲಲ್ಲಿದ್ದದ್ದು ಬಾಯಿಗೆ ಬಂದುಬಿಟ್ಟಿತು.

"ಅಮ್ಮಾ, ಬೆಂಡು ಬಾಸಿಂಗ ಆಗೋದು ಯಾವಾಗ?"

ಅವರಿಗೆ ಅರ್ಥವಾಯಿತು. ಉತ್ತರ ಹೇಳುವಷ್ಟರಲ್ಲಿ ಅಂಗಳದಲ್ಲಿ ಗಾಡಿ ನಿಂತಿತು. ಹೊಸಬಾಳೆಯ ಮದುವೆ ಮನೆಯವರು ಬಾಸಿಂಗ ಒಯ್ಯಲು ಬಂದಿದ್ದರು. ಇವರು ಗಾಡಿಯನ್ನು ನೋಡಿದರು, ನನ್ನನ್ನು ನೋಡಿದರು. ಸ್ವಲ್ಪ ಹಿತ್ತಿಲಲ್ಲಿ ಇರ್ತೀರಾ ಎಂದರು, ದನಿ ತೀರಾ ಸಣ್ಣದಾಗಿತ್ತು. ಎದ್ದು ಹೋದೆ. ಅವರು ಕೆಮ್ಮಲಿಲ್ಲ, ಬಾಯಿಬಿಟ್ಟು ಹೇಳಿದರು, ಅಷ್ಟೇ ವ್ಯತ್ಯಾಸ. ಹಿತ್ತಿಲಿಗೆ ಎಲ್ಲವೂ ಕೇಳಿಸುತ್ತಿತ್ತು. ಈ ಚಪ್ಪಲಿ ಯಾರದ್ದು, ಒಳಗೆ ಯಾರಾದರೂ ಬಂದಿದ್ದಾರಾ ಎಂದು ಹೆಂಗಸೊಬ್ಬಳು ಕೇಳಿದಳು.

"ಯಾರೂ ಇಲ್ರೀ" ಎಂದರು ಇವರು.

ಆ ಮಾತನ್ನು ಎಷ್ಟೋ ಸಂಜೆ ನನ್ನ ಕೋಣೆಯಲ್ಲಿ ನಾನೇ ಹೇಳಿಕೊಂಡಿದ್ದೆ. ಅವರ ಬಾಯಲ್ಲಿ ಕೇಳಿದಾಗ ಮಾತ್ರ ಅಳು ಬಂತು.

ಗಾಡಿ ಹೋದ ಮೇಲೆ ಅವರು ಹಿತ್ತಿಲಿಗೆ ಬಂದರು. ತಪ್ಪಾಯಿತು ಎನ್ನಲಿಲ್ಲ. ನನ್ನ ಕೈ ಹಿಡಿದು ಜಗಲಿಗೆ ಕರೆತಂದು, ಬೇಗಡೆ ಹಚ್ಚದ ಒಂದು ಬಾಸಿಂಗವನ್ನು ನನ್ನ ಮಡಿಲಲ್ಲಿಟ್ಟರು. ಇದರ ಅಂಚಿನಲ್ಲೂ ಜೇನುಹುಟ್ಟಿನ ಸಾಲಿತ್ತು. ಅಂಟಿನ ಬಟ್ಟಲನ್ನು ಪಕ್ಕಕ್ಕಿಟ್ಟು, ನೀವೇ ಹಚ್ಚಿ ಎಂದರು. ಮೊದಲ ತಗಡು ಸೊಟ್ಟಗಾಯಿತು. ಅವರು ತಿದ್ದಿದರು. ಮುಗಿದಾಗ ಬಾಸಿಂಗ ಚೆನ್ನಾಗಿಯೇ ಕಾಣುತ್ತಿತ್ತು. ಹೆಮ್ಮೆಯಾಯಿತು. ಇದು ಯಾವ ಮನೆಗೆ ಹೋಗುತ್ತದೆ ಎಂದು ಕೇಳಿದೆ.

ಅವರು ಬಹಳ ಹೊತ್ತು ಎಲೆಗೆ ಸುಣ್ಣ ಸವರಿದರು.

"ಇದು ಮಾರೂಕಲ್ಲ ಅಕ್ಕೋರೆ. ನಿಮ್ಮ ಹತ್ರಾನೇ ಇರ್ಲಿ."

ನಾನು ಮುಟ್ಟಿದ್ದು ಯಾವ ಮದುವೆ ಮನೆಗೂ ಹೋಗುವಂತಿರಲಿಲ್ಲ. ನನ್ನ ಪ್ರಶ್ನೆಗೆ ಅದೇ ಉತ್ತರ. ಅಷ್ಟು ಕೆಲಸವನ್ನು ನನಗಾಗಿ ಕೆಡಿಸಿಕೊಂಡರಲ್ಲ, ಅದೂ ನಿಜ. ಅವರ ಕೈಲಾದಷ್ಟು ಅವರು ಕೊಟ್ಟಿದ್ದರು. ಅದನ್ನು ರೇಷ್ಮೆಯ ತುಂಡಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಮುಂದಿನ ಭಾನುವಾರವೂ ಸೊರಬಕ್ಕೆ ಹೋದೆ. ಇನ್ನೆಲ್ಲಿಗೆ ಹೋಗಲಿ?

ಮರುವರ್ಷ ಶಾಲೆಯ ಗುಂಡುಗಳನ್ನು ಮತ್ತೆ ಹುಳ ತಿಂದವು. ನನ್ನ ಕೋಣೆಯ ಗೋಡೆಯ ಮೊಳೆಯಲ್ಲಿದ್ದ ಆ ಬಾಸಿಂಗ ತೆಗೆದು, ಬ್ಲೇಡಿನಿಂದ ಕೊಯ್ದು ಹೊಸ ಗುಂಡು ಮಾಡಿದೆ. ಒಂದರ ಮೇಲೆ ಬೇಗಡೆ ಉಳಿದುಕೊಂಡಿತ್ತು, ಕೆರೆಯಲು ಮನಸ್ಸಾಗಲಿಲ್ಲ. ಕಡ್ಡಿ ತಂದಾಗ ಎಲ್ಲಕ್ಕಿಂತ ಮೊದಲು ಓಡಿ ಬಂದದ್ದು ಅದು, ಮುಟ್ಟಿ ಎಲ್ಲಕ್ಕಿಂತ ದೂರ ಹೋಗಿ ನಿಂತದ್ದೂ ಅದೇ. ಅದೊಂದು ಯಾಕೆ ಹಾಗೆ ಟೀಚರ್ ಎಂದು ಮಕ್ಕಳು ಕೇಳಿದರು. ಬೇಗಡೆ ಲೋಹದ್ದು, ಬರೆದುಕೊಳ್ಳಿ ಎಂದೆ.