ಕಾರಿನಡಿಯ ಅರಿಶಿನ

ಅರಿಶಿನದ ವಾಸನೆ ಮೂಗಿಗೆ ಬಿದ್ದರೆ ನಿಮಗೆ ಮದುವೆಮನೆ ನೆನಪಾಗಬಹುದು, ಹಬ್ಬ ನೆನಪಾಗಬಹುದು, ಶೀತಪ್ರಕೃತಿಯವರಾದರೆ ನೆಗಡಿಯ ಕಷಾಯ ನೆನಪಾಗಬಹುದು. ನನಗೆ ನೆನಪಾಗುವುದು ಮೋಟಾರು ಕಾರಿನ ರೇಡಿಯೇಟರು. ಇವತ್ತು ಸೊಳ್ಳೆಗಳ ದಯದಿಂದ ಐದು ಗಂಟೆಗೇ ಎಚ್ಚರವಾಯಿತು. ಮದುವೆಯಾದ ವರ್ಷವೇ ಗುಬ್ಬಿಯ ಈ ಬಾಡಿಗೆ ಮನೆಗೆ ಬಂದು ಆರು ವರ್ಷವಾದರೂ ಐದು ಗಂಟೆಯ ಗುಬ್ಬಿಯನ್ನು ನಾನು ನೋಡಿದ್ದು ಕಡಿಮೆ. ಹೊರಗೆ ಬಂದರೆ ನನ್ನ ಹೆಂಡತಿ ಬಟ್ಟಲಲ್ಲಿ ಅರಿಶಿನ ಕಲಸಿಕೊಂಡು ಹೊಸ್ತಿಲಿಗೆ ಬಳಿಯುತ್ತಿದ್ದಳು. ಮಧ್ಯಾಹ್ನಕ್ಕೆ ತುಮಕೂರಿನಿಂದ ವಿಮಲತ್ತೆ ಬರುವವರಿದ್ದರು, ಅದೇ ಹಳೆಯ ಕಾರಿನಲ್ಲಿ. ವಾಸನೆ, ಅತ್ತೆ, ಕಾರು ಮೂರೂ ಒಟ್ಟಿಗೆ ಕೂಡಿಕೊಂಡ ಮೇಲೆ ಮತ್ತೆ ಮಲಗುವ ಮಾತೆಲ್ಲಿ? ಕಾಫಿ ಬರುವತನಕ ನೀವೂ ಜಗಲಿಯ ಮೇಲೆ ಕೂತುಕೊಳ್ಳಿ, ಹೇಳಿಬಿಡುತ್ತೇನೆ.

ವಿಮಲತ್ತೆ ನಮ್ಮಪ್ಪನ ತಂಗಿ. ಮದುವೆಯಾದ ಎರಡನೆಯ ವರ್ಷವೇ ಗಂಡನನ್ನು ಕಳೆದುಕೊಂಡು ತುಮಕೂರಿನ ನಮ್ಮ ಮನೆಗೆ ಬಂದವರು. ನಮ್ಮಪ್ಪ ಆ ಕಾಲಕ್ಕೆ ಧೈರ್ಯದ ಕೆಲಸವನ್ನೇ ಮಾಡಿದರು, ತಂಗಿಯನ್ನು ಓದಿಸಿದರು. ಓದಿ ಅವರು ಹೆಣ್ಣುಮಕ್ಕಳ ಶಾಲೆಗಳ ತನಿಖಾಧಿಕಾರಿಯಾದರು. ಆದರೆ ಓದಿಸುವಷ್ಟು ಧೈರ್ಯ ಬೇರೆ, ಒಬ್ಬರನ್ನೇ ಬಸ್ಸು ಹತ್ತಿಸುವ ಧೈರ್ಯ ಬೇರೆ. ಅತ್ತೆ ನಿಟ್ಟೂರಿಗೆ ಹೋಗಲಿ, ಕುಣಿಗಲಿಗೆ ಹೋಗಲಿ, ಜೊತೆಗೆ ಮನೆಯ ಗಂಡಸೊಬ್ಬ ಹೋಗಬೇಕು ಎಂಬುದು ಅಪ್ಪನ ಕಟ್ಟುನಿಟ್ಟು. ಆ ಗಂಡಸು ಬಹಳ ಸಲ ನಾನೇ. ಅವರು ಒಳಗೆ ಹಾಜರಿ ಪುಸ್ತಕ ನೋಡುತ್ತಿದ್ದರೆ ನಾನು ಶಾಲೆಯ ಮೆಟ್ಟಿಲ ಮೇಲೆ ಕೂತು ಆಕಳಿಸುತ್ತಿದ್ದೆ.

ಹೀಗಿರುವಾಗ ಯಾರೋ ದೊಡ್ಡ ಅಧಿಕಾರಿಗಳು ವರ್ಗವಾಗಿ ಹೋಗುತ್ತ ತಮ್ಮ ಪುಟ್ಟ ಕಾರನ್ನು ಮಾರಿದರು. ಅತ್ತೆ ಯಾರನ್ನೂ ಕೇಳದೆ ಕೊಂಡುಕೊಂಡರು. ನಾಲ್ಕು ಜನ ಕೂತರೆ ಐದನೆಯವರ ಉಸಿರಿಗೂ ಜಾಗವಿಲ್ಲದ ಕಾರು. ಅವರು ಅದನ್ನು ನಡೆಸಲು ಕಲಿತದ್ದು, ತುಮಕೂರಿನ ಜನ ದಾರಿಯಲ್ಲಿ ನಿಂತು ನೋಡಿದ್ದು, ಅಪ್ಪ ಎರಡು ವಾರ ಅವರೊಡನೆ ಮಾತು ಬಿಟ್ಟದ್ದು, ಇವೆಲ್ಲ ಬೇರೆ ಕಥೆ. ಕೊನೆಗೆ ಅಪ್ಪನೇ ಸೋತರು. ಅತ್ತೆ ಒಬ್ಬರೇ ಹೋಗಿ ಒಬ್ಬರೇ ಬರತೊಡಗಿದರು. ನನಗೂ ಬಿಡುಗಡೆ. ಅಷ್ಟು ಹೊತ್ತಿಗೆ ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವ ದೊಡ್ಡ ಮನುಷ್ಯನೂ ಆಗಿದ್ದೆ.

ಕಾರು ಬಂದ ಎರಡನೆಯ ಬೇಸಿಗೆಗೆ ಅದಕ್ಕೊಂದು ರೋಗ ಹಿಡಿಯಿತು. ಬೆಳಿಗ್ಗೆ ಕುಣಿಗಲಿಗೆಂದು ಹೊರಟರೆ ಹೆಬ್ಬೂರು ಸಿಗುವುದರೊಳಗೆ ರೇಡಿಯೇಟರಿನ ನೀರು ಕುದಿದು ಬುಸ್ಸೆಂದು ಹೊಗೆಯಾಡುತ್ತಿತ್ತು. ಅತ್ತೆ ಮರದಡಿಯಲ್ಲಿ ಕಾರು ನಿಲ್ಲಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅದು ತಣಿಯುವತನಕ ಕಾದು, ಯಾರದೋ ತೋಟದ ಬಾವಿಯಿಂದ ನೀರು ತಂದು ತುಂಬಿಸಿ ಮುಂದೆ ಹೋಗುತ್ತಿದ್ದರು. ಒಮ್ಮೆ ಹೀಗೆ ನಿಂತಿದ್ದನ್ನು ಬಸ್ಸಿನಲ್ಲಿ ಬರುತ್ತಿದ್ದ ನೆಂಟರೊಬ್ಬರು ನೋಡಿ ನೇರವಾಗಿ ನಮ್ಮ ಮನೆಗೇ ಬಂದು ವರದಿ ಒಪ್ಪಿಸಿದರು. ಅಪ್ಪನಿಗೆ ಅಷ್ಟೇ ಬೇಕಾಗಿತ್ತು.

"ದಾರೀಲಿ ಒಬ್ಬಳೇ ನಿಂತ್ಕೊಳ್ಳೋದಕ್ಕೆ ಕಾರು ಬೇಕಾ? ಇನ್ನೊಂದು ಸಲ ನಿಂತ್ರೆ ಮಾರಿಬಿಡ್ತೀನಿ. ಬಸ್ಸಿಗೆ ಇವನು ಜೊತೇಲಿ ಬರ್ತಾನೆ," ಎಂದು ನನ್ನ ಕಡೆ ಕೈ ತೋರಿಸಿದರು.

ಆ ಕೈ ನನ್ನ ಕಡೆ ತಿರುಗಿದ ಕ್ಷಣದಿಂದ ಕಾರಿನ ಆರೋಗ್ಯದ ಬಗ್ಗೆ ನನಗೆ ಅಪಾರ ಕಾಳಜಿ ಹುಟ್ಟಿತು.

ಮೊದಲು ಕಾರನ್ನು ಪುಟ್ಟಣ್ಣ ಮೇಸ್ತ್ರಿಯ ಷೆಡ್ಡಿಗೆ ಹೊಡೆದೆವು. ಅವನು ಬಾನೆಟ್ಟು ಎತ್ತಿ, ಒಳಗೆಲ್ಲ ಕೈಯಾಡಿಸಿ, ಕೆಳಗೆ ಮಲಗಿ ನೋಡಿ ಎದ್ದ. ಎಲ್ಲೂ ಒಂದು ಹನಿ ಸೋರುತ್ತಿರಲಿಲ್ಲ.

"ಆಚೆ ಸೋರ್ತಾ ಇಲ್ಲ ಅಂದ್ರೆ ಇಂಜಿನ್ನೇ ಒಳಗೊಳಗೆ ಕುಡೀತಾ ಐತೆ ಬುಡಿ ಸ್ವಾಮಿ. ಪೂರಾ ಬಿಚ್ಚಬೇಕು," ಎಂದ. ಅತ್ತೆಯ ಮುಖ ಇಳಿದದ್ದು ನೋಡಿ ದನಿ ತಗ್ಗಿಸಿದ. "ಅಲ್ಲಿಗಂಟ ಒಂದು ಕೆಲ್ಸ ಮಾಡಿ ಅಮ್ಮಾವ್ರೆ. ರೇಡಿಯೇಟರಿಗೆ ಎರಡು ಚಮಚ ಅರಿಶಿನ ಹಾಕಿ. ಸಣ್ಣಪುಟ್ಟ ತೂತಿದ್ರೆ ಅದೇ ಹೋಗಿ ಕೂತ್ಕೊತದೆ."

ಲಾರಿಯವರೆಲ್ಲ ಮಾಡುವ ಮದ್ದು ಅದು. ಅಡಿಗೆಮನೆಯಿಂದ ಅರಿಶಿನ ತಂದರೆ ಅಪ್ಪನಿಗೆ ಗೊತ್ತಾಗಿ ಮತ್ತೆ ಮಾತು ಬೆಳೆಯುತ್ತದೆಂದು ಅತ್ತೆ ಪೇಟೆಯಲ್ಲೇ ಒಂದು ಪೊಟ್ಟಣ ಕೊಂಡು, ಕಾರಿನ ಸೀಟಿನ ಹಿಂದೆ ಛತ್ರಿಯ ಪಕ್ಕ ಅಡಗಿಸಿಟ್ಟರು. ಪ್ರತಿ ವಾರ ಎರಡು ಚಮಚ. ಸಂಜೆ ಮನೆಗೆ ಬಂದು, ಇಂಜಿನ್ನು ಆರಿದ ಮೇಲೆ, ಬೆಳಗಿನ ಅವಸರ ಬೇಡವೆಂದು ಆಗಲೇ ನೀರನ್ನೂ ಭರ್ತಿ ಮಾಡಿಬಿಡುತ್ತಿದ್ದರು. ಆದರೂ ಬೆಳಿಗ್ಗೆ ಹೆಬ್ಬೂರಿನ ಹತ್ತಿರ ಅದೇ ಬುಸ್ಸು. ವಿಚಿತ್ರವೆಂದರೆ ಕುಣಿಗಲಿನಿಂದ ವಾಪಸು ಬರುವಾಗ ಎಂದೂ ಕುದಿಯುತ್ತಿರಲಿಲ್ಲ. ಅತ್ತೆ ಇದನ್ನು ನನಗೆ ಎರಡು ಮೂರು ಸಲ ಹೇಳಿದರು. ನಾನು ಏರು, ಇಳಿಜಾರು, ಗಾಳಿಯ ದಿಕ್ಕು ಎಂದೆಲ್ಲ ಕಾಗದದ ಮೇಲೆ ಗೆರೆ ಎಳೆದು ವಿವರಿಸಿದೆ. ನನ್ನ ವಿದ್ಯಾರ್ಥಿಗಳಂತೆಯೇ ಅವರೂ ಸುಮ್ಮನೆ ತಲೆಯಾಡಿಸಿದರು.

ಕೊನೆಗೆ ಅಪ್ಪ ಗುಬ್ಬಿಯ ಕೊಬ್ಬರಿ ವ್ಯಾಪಾರಿಯೊಬ್ಬರಿಗೆ ಮಾತು ಕೊಟ್ಟೇಬಿಟ್ಟರು. ಅವರು ಶನಿವಾರ ಬಂದು ಕಾರು ಒಯ್ಯುವುದೆಂದಾಯಿತು. ಅತ್ತೆ ಗುರುವಾರ ಸಂಜೆ ಕಾರನ್ನು ತೊಳೆದು ಒರೆಸಿದರು. ಒರೆಸಿದ ಕಡೆಯೇ ಮತ್ತೆ ಮತ್ತೆ ಒರೆಸುತ್ತಿದ್ದರು.

ಶುಕ್ರವಾರ ಸಂಜೆ ತಂತಿ ಬಂತು. ನಿಟ್ಟೂರಿನ ಕಡೆಯ ನಮ್ಮ ದಾಯಾದಿಗಳಲ್ಲೊಬ್ಬರು, ತೊಂಬತ್ತು ದಾಟಿದವರು, ತೀರಿಕೊಂಡಿದ್ದರು. ನಾನು ಅವರ ಮುಖ ಕಂಡವನಲ್ಲ. ಅಪ್ಪ ಕಂಡಿದ್ದರಂತೆ, ಜಗಳವಾಡಲಿಕ್ಕೆ ಒಂದು ಸಲ. ಆದರೂ ಹತ್ತು ದಿನದ ಸೂತಕ ಸೂತಕವೇ. ಸೂತಕದಲ್ಲಿ ಕೊಡುವ ಕೊಳ್ಳುವ ವ್ಯವಹಾರ ಬೇಡವೆಂದು ಅಪ್ಪ ಗುಬ್ಬಿಗೆ ಹೇಳಿಕಳಿಸಿದರು. ಕಾರಿಗೆ ಹತ್ತು ದಿನದ ಆಯಸ್ಸು ಬಂತು.

ಇಲ್ಲಿ ನಮ್ಮಮ್ಮನ ವಿಷಯ ಸ್ವಲ್ಪ ಹೇಳಬೇಕು. ಅಮ್ಮ ದಿನವೂ ನಾಲ್ಕೂವರೆಗೆ ಎದ್ದು ಬಾಗಿಲ ಮುಂದೆ ನೀರು ಹಾಕಿ ತೊಳೆದು ರಂಗೋಲಿ ಇಡುತ್ತಿದ್ದರು. ಕಾರು ನಿಲ್ಲುತ್ತಿದ್ದುದು ಆ ಬಾಗಿಲ ಮುಂದಿನ ಚಪ್ಪಡಿ ಕಲ್ಲಿನ ಮೇಲೆಯೇ. ಅದರ ಅಡಿಗೂ ಬಗ್ಗಿ ಎರಡು ಚೆಂಬು ನೀರು ಎರಚಿ, ಪೊರಕೆಯಿಂದ ತಳ್ಳಿ, ಅದರ ಮೂತಿಯ ಮುಂದೆಯೂ ಒಂದು ಎಳೆ ಎಳೆಯುತ್ತಿದ್ದರು. ನಾವು ಏಳುವಾಗ ಅಂಗಳವೆಲ್ಲ ಒಂದೇ ಸಮ ಒದ್ದೆ. ಸೂತಕದ ದಿನಗಳಲ್ಲಿ ಮಾತ್ರ ನಮ್ಮ ಮನೆಯಲ್ಲಿ ಬಾಗಿಲಿಗೆ ನೀರೂ ಇಲ್ಲ, ರಂಗೋಲಿಯೂ ಇಲ್ಲ.

ಶನಿವಾರ ಬೆಳಿಗ್ಗೆ ಅಪ್ಪನ ಸ್ನಾನಕ್ಕೆ ಬಾವಿಯಿಂದ ನೀರು ಸೇದಲು ನನ್ನನ್ನು ಎಬ್ಬಿಸಿದರು. ಕಣ್ಣುಜ್ಜುತ್ತ ಅಂಗಳಕ್ಕೆ ಬಂದವನು ಅಲ್ಲೇ ನಿಂತೆ. ಒಣಗಿದ ಚಪ್ಪಡಿಯ ಮೇಲೆ, ಕಾರಿನ ಮೂತಿಯ ಕೆಳಗೆ, ಊಟದ ಎಲೆಯಷ್ಟು ಅಗಲದ ಹಳದಿ ಕಲೆ. ನಾನು ನೋಡುತ್ತಿದ್ದ ಹಾಗೆಯೇ ಮೇಲಿಂದ ಒಂದು ಹನಿ ಬಿತ್ತು. ಬೆರಳು ಅದ್ದಿ ಮೂಸಿದೆ. ಅರಿಶಿನ.

ಕೊಡ ಅಲ್ಲೇ ಬಿಟ್ಟು ಬಾನೆಟ್ಟು ಎತ್ತಿದೆ. ರೇಡಿಯೇಟರಿನ ಬುಡದಿಂದ ಇಂಜಿನ್ನಿಗೆ ಹೋಗುವ ರಬ್ಬರು ಕೊಳವೆಯ ತುದಿಯಲ್ಲಿ, ಅದನ್ನು ಬಿಗಿದಿದ್ದ ತಗಡಿನ ಪಟ್ಟಿಯ ಪಕ್ಕದಲ್ಲಿ, ಹನಿ ಕೂಡುತ್ತಿತ್ತು, ಬೀಳುತ್ತಿತ್ತು. ಇಂಜಿನ್ನು ಚಾಲೂ ಮಾಡಿ ಕಾದೆ. ಕೊಳವೆ ಬಿಸಿಯಾಗುತ್ತ ಬಂದ ಹಾಗೆ ಹನಿ ನಿಧಾನವಾಯಿತು, ನಿಂತಿತು. ಬಿಸಿಗೆ ಕೊಳವೆ ಉಬ್ಬಿ ಸಂದನ್ನು ತಾನೇ ಮುಚ್ಚಿಕೊಳ್ಳುತ್ತಿತ್ತು. ತಣ್ಣಗಾದರೆ ಮತ್ತೆ ಸಡಿಲ. ಸಂಜೆ ತುಂಬಿಸಿದ ನೀರಿನಲ್ಲಿ ಅರ್ಧ ಬೆಳಗಾಗುವುದರೊಳಗೆ ಕಲ್ಲಿನ ಮೇಲಿರುತ್ತಿತ್ತು. ಮೇಸ್ತ್ರಿಯ ಷೆಡ್ಡಿಗೆ ಕಾರು ಯಾವಾಗಲೂ ಬಿಸಿಯಾಗಿಯೇ ಹೋಗುತ್ತಿತ್ತು, ಅಲ್ಲಿ ಸೋರುವುದು ಹೇಗೆ? ದಾರಿಯಲ್ಲಿ ಹೊಸ ನೀರು ತುಂಬಿಸಿಕೊಂಡು, ಕುಣಿಗಲಿನ ಬಿಸಿಲಲ್ಲಿ ನಿಂತು ಪೂರ್ತಿ ತಣಿಯದ ಕಾರು ವಾಪಸು ಬರುವಾಗ ಕುದಿಯುವುದು ಹೇಗೆ? ಕಾಯಿಸಿದರೆ ವಸ್ತು ಹಿಗ್ಗುತ್ತದೆ, ತಣಿಸಿದರೆ ಕುಗ್ಗುತ್ತದೆ ಎಂದು ಉಂಗುರ ಗುಂಡು ಹಿಡಿದುಕೊಂಡು ಅದೇ ವಾರ ತರಗತಿಯಲ್ಲಿ ಗಂಟಲು ಹರಿದುಕೊಂಡಿದ್ದವನು ನಾನು.

ಮನೆಯವರನ್ನೆಲ್ಲ ಕೂಗಿದೆ. ಸ್ನಾನಕ್ಕೆ ಕಾಯುತ್ತಿದ್ದ ಅಪ್ಪ ಬಂದರು, ಅತ್ತೆ ಬಂದರು, ಅಮ್ಮ ಬಾಗಿಲಲ್ಲಿ ನಿಂತರು. ನಾನು ಕಲೆ ತೋರಿಸಿ ಪ್ರವಚನ ಶುರುಮಾಡಿದೆ. ಅಮ್ಮ ಮಧ್ಯದಲ್ಲೇ ತಡೆದರು.

"ಇದು ಕಾರಿಂದ ಬರೋದೇನೋ?"

"ಹೌದಮ್ಮ. ನಿನಗೆ ಮೊದಲೇ ಕಂಡಿತ್ತಾ?"

"ದಿನಾ ಕಾಣ್ತಿತ್ತು ಕಣೋ. ಎರಡು ತಿಂಗಳಿಂದ."

"ಮತ್ತೆ ಯಾಕೆ ಹೇಳ್ಲಿಲ್ಲ?" ಎಂದು ಅಪ್ಪ ರೇಗಿದರು.

ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಹೇಳಲೋ ಬೇಡವೋ ಎಂದು ಅತ್ತೆಯ ಕಡೆ ನೋಡಿದರು.

"ಛತ್ರಿ ತಗೊಳ್ಳೋಕೆ ಹೋದಾಗ ಸೀಟಿನ ಹಿಂದೆ ಅರಿಶಿನದ ಪೊಟ್ಟಣ ನೋಡಿದ್ದೆ. ವಿಮಲಾನೇ ಯಾರೂ ಏಳೋಕೆ ಮುಂಚೆ ಎದ್ದು ಬಾಗಿಲಿಗೆ ಅರಿಶಿನದ ನೀರು ಹಾಕ್ತಾಳೆ ಅಂದ್ಕೊಂಡೆ. ಅವಳಿಗೂ ಆಸೆ ಇರಲ್ವೇ? ನಿಮ್ಮ ಕಣ್ಣಿಗೆ ಬೀಳಬಾರದು ಅಂತ ನಾನೇ ಬೇಗ ತೊಳೆದುಬಿಡ್ತಿದ್ದೆ."

ಗಂಡನಿಲ್ಲದ ಹೆಂಗಸು ಅರಿಶಿನ ಕುಂಕುಮ ಮುಟ್ಟದ ಮನೆ ನಮ್ಮದು. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ, ಹೇಳುವ ಅಗತ್ಯವೇ ಬಿದ್ದಿರಲಿಲ್ಲ. ಅಪ್ಪ ಸ್ನಾನಕ್ಕೆ ಹೊತ್ತಾಯಿತೆಂದು ಒಳಗೆ ಹೋದರು. ಅತ್ತೆ ಆ ಹಳದಿಯನ್ನು ಬಗ್ಗಿ ನೋಡಿದರು.

"ನಾನಲ್ಲ ಅತ್ತಿಗೆ," ಎಂದರು. ಮತ್ತೆ, "ಹಾಕಬಹುದಿತ್ತು ಅಂತ ನನಗೆ ಹೊಳೀಲೇ ಇಲ್ಲ."

ನಾನು ಆ ಹೊತ್ತಿಗೆ ತಿರುಪುಳಿ ಹುಡುಕುತ್ತಿದ್ದೆ. ಕೊಳವೆಯ ಸೀಳಿದ ತುದಿಯನ್ನು ಅರ್ಧ ಅಂಗುಲ ಕತ್ತರಿಸಿ ಹಾಕಿ, ಮತ್ತೆ ಕೂರಿಸಿ, ಪುಟ್ಟಣ್ಣ ಕೊಟ್ಟ ಹೊಸ ಪಟ್ಟಿಯನ್ನು ಬಿಗಿದೆ. ಕಾಲು ಗಂಟೆಯ ಕೆಲಸ. ಮರುದಿನ ಬೆಳಿಗ್ಗೆ ಕಲ್ಲು ಒಣಗಿತ್ತು. ಸೋಮವಾರ ಅತ್ತೆ ಕುಣಿಗಲಿಗೆ ಹೊರಟಾಗ ಜೊತೆಗೆ ಬರಲೇ ಎಂದು ಕೇಳಿದೆ. "ಬೇಡ ಕಣೋ," ಎಂದು ಒಬ್ಬರೇ ಹೋಗಿ, ಎಲ್ಲೂ ನಿಲ್ಲದೆ, ದೀಪ ಹಚ್ಚುವುದರೊಳಗೆ ಬಂದರು. ಸೂತಕ ಕಳೆದ ದಿನ ಅಪ್ಪ ಯಾರಿಗೂ ಹೇಳದೆ ಗುಬ್ಬಿಗೆ ಕಾಗದ ಬರೆದು ಹಾಕಿದರು, ಕಾರು ಮಾರುವುದಿಲ್ಲವೆಂದು.

ಈ ಕಥೆಯನ್ನು ನಾನು ಹತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ. ತರಗತಿಯಲ್ಲಿ ಹಿಗ್ಗುವಿಕೆಯ ಪಾಠಕ್ಕೆ ಇದೇ ಉದಾಹರಣೆ. ಅಮ್ಮ ಹೇಳಿದ ಮಾತು ಬಂದಾಗ ಹುಡುಗರು ನಗುತ್ತಾರೆ, ನಾನೂ ನಗುತ್ತಿದ್ದೆ. ಅಮ್ಮ ತೀರಿಕೊಂಡು ಈಗ ನಾಲ್ಕು ವರ್ಷ. ಇವತ್ತು ಬೆಳಿಗ್ಗೆ ಆ ವಾಸನೆಯಲ್ಲಿ ನಿಂತಾಗ ನಗು ಬರಲಿಲ್ಲ. ಸೋರುವ ಜಾಗ ಹುಡುಕಿ ಪಟ್ಟಿ ಬಿಗಿದು ಮನೆಯವರೆಲ್ಲ ಕೈ ತೊಳೆದುಕೊಂಡೆವು. ಅತ್ತೆಯ ಆ ಎರಡನೆಯ ಮಾತನ್ನು ಯಾರೂ ಎತ್ತಿಕೊಳ್ಳಲಿಲ್ಲ. ನನಗೆ ನಾಚಿಕೆಯಾಯಿತು.

ಹೆಂಡತಿಯ ಹತ್ತಿರ ಹೋಗಿ, ಬಹಳ ದೊಡ್ಡ ಸುಧಾರಣೆ ಮಾಡುವವನ ಗತ್ತಿನಲ್ಲಿ ಹೇಳಿದೆ, "ನಾಳೆ ಬೆಳಿಗ್ಗೆ ಹೊಸ್ತಿಲಿಗೆ ಅತ್ತೆ ಕೈಲಿ ಅರಿಶಿನ ಹಚ್ಚಿಸಿದ್ರೆ ಹೇಗೆ?"

ಅವಳು ತಲೆ ಎತ್ತಲಿಲ್ಲ. ಬೆರಳುಗಳು ಹೊಸ್ತಿಲ ಮೇಲೆ ಓಡುತ್ತಲೇ ಇದ್ದವು.

"ಅವರು ಬಂದಾಗಲೆಲ್ಲ ಅವರೇ ಹಚ್ಚೋದು. ನಮ್ಮ ಮದುವೆಯಾದ ವರ್ಷದಿಂದ. ನಿಮ್ಮಮ್ಮನೇ ಹೇಳಿಕೊಟ್ಟಿದ್ರು, ಬಟ್ಟಲು ಕಲಸಿ ಹೊಸ್ತಿಲ ಹತ್ರ ಇಟ್ಟು ನೀನು ಒಳಗೆ ಹೋಗಿಬಿಡು, ಏನೂ ಕೇಳಬೇಡ ಅಂತ."

"ನಾನು ನೋಡೇ ಇಲ್ಲವಲ್ಲ!"

"ನೀವು ಏಳೋದು ಎಂಟು ಗಂಟೆಗೆ," ಎಂದು ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

ಹೊಸ್ತಿಲು ಇನ್ನೂ ಹಸಿಯಾಗಿತ್ತು. ನಾನು ಅದನ್ನು ತುಳಿಯದೆ ದಾಟಿ ಒಳಗೆ ಹೋಗಿ, ಗಡಿಯಾರದ ಅಲಾರಂ ಐದಕ್ಕೆ ತಿರುಗಿಸಿಟ್ಟೆ.