ಕಾಲುಗಳು ಮಾತ್ರ ಕಂಡ ಊರಿನ ಕೌದಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಈ ಮನೆಯ ನಡುಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ಗೋಡೆಯಿಂದ ಗೋಡೆಗೆ ಕೌದಿ ಹರಡಿದೆ. ಅದರ ಅಂಚಿನಲ್ಲಿ ಮಂಡಿಯೂರಿ ಕುಳಿತ ಹೆಂಗಸೊಬ್ಬರು ತುಟಿಗಳ ನಡುವೆ ಗುಂಡುಪಿನ್ನು ಕಚ್ಚಿಕೊಂಡು, ಕೌದಿಯ ಮೇಲೆ ಬಟ್ಟೆಯ ಚೂರಿನಲ್ಲಿ ಮಾಡಿದ ಕಂದು ಬೂಟೊಂದಕ್ಕೆ ಲೇಸು ಹೊಲಿಯುತ್ತಿದ್ದಾರೆ. ಗಂಡನಿಗೆ ಬಚ್ಚಲಿಗೆ ಹೋಗಬೇಕು. ಕಳ್ಳನ ಹಾಗೆ ಗೋಡೆಗಂಟಿಕೊಂಡು ಪಕ್ಕಪಕ್ಕಕ್ಕೆ ಸರಿಯುತ್ತಿದ್ದಾರೆ. "ರೀ, ತುಳಿದ್ರೆ ನೋಡಿ ಮತ್ತೆ" ಎಂಬ ಎಚ್ಚರಿಕೆ ಪಿನ್ನುಗಳ ನಡುವಿನಿಂದಲೇ ಬರುತ್ತದೆ.

ನಾಟಕ ಕಂಪನಿಯಲ್ಲಿ ಎಲ್ಲರೂ ಇವರನ್ನು ಕರೆಯುವುದು ಸೂಜಿಯಕ್ಕ ಎಂದು. ರಾಜನ ನಿಲುವಂಗಿಯಿಂದ ಭಿಕ್ಷುಕನ ಅಂಗಿಯವರೆಗೆ ಎಲ್ಲವೂ ಇವರ ಕೈ ದಾಟಿಯೇ ರಂಗಕ್ಕೆ ಹೋಗಬೇಕು. ಹರಿದದ್ದನ್ನು ಹೊಲಿಯುವುದಷ್ಟೇ ಅಲ್ಲ, ಹರಿಯದ್ದನ್ನು ಚೆಂದವಾಗಿ ಹರಿಯುವುದೂ ಇವರದೇ ಕೆಲಸ. ಚಪ್ಪಾಳೆ ಏನಿದ್ದರೂ ನಟರಿಗೆ. ಗುಂಡಿ ಕಿತ್ತುಹೋದರೆ ಬೈಗುಳ ಇವರಿಗೆ. "ಬೈಯೋಕಾದ್ರೂ ನೆನಪು ಮಾಡ್ಕೋತಾರಲ್ಲ" ಎಂದು ನಗುತ್ತಾರೆ.

ಕಳೆದ ವರ್ಷ ಕಂಪನಿ ಪರದೇಶಕ್ಕೆ ನಾಟಕವಾಡಲು ಹೊರಟಾಗ ಇವರೂ ಹೊರಟರು. ಮನೆಗೆ ಮನೆಯೇ ಸಂಭ್ರಮಪಟ್ಟಿತು. ಅಲ್ಲಿ ಆದದ್ದೇ ಬೇರೆ. ಉಡುಪಿನ ಪೆಟ್ಟಿಗೆಗಳು ದಾರಿಯಲ್ಲಿ ನೆಂದು, ಒಳಗಿನದೆಲ್ಲ ಮುದ್ದೆಯಾಗಿತ್ತು. ಉಳಿದವರು ಹಗಲೆಲ್ಲ ಊರು ಸುತ್ತಿದರೆ, ಸೂಜಿಯಕ್ಕ ರಂಗಮಂದಿರದ ನೆಲಮಾಳಿಗೆಯಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದು ಉಳಿದರು. ಅಲ್ಲಿ ಸೂರಿನ ಹತ್ತಿರ ಸರಳು ಹಾಕಿದ ಒಂದು ಕಿಟಕಿ, ಅದರಾಚೆ ರಸ್ತೆ. ಕಂಡದ್ದು ದಾರಿಹೋಕರ ಕಾಲುಗಳು ಮಾತ್ರ.

"ಮೊದಲ ದಿನ ಅಳುನೇ ಬಂತು, ಸುಳ್ಳು ಯಾಕೆ ಹೇಳ್ಲಿ? ಆಮೇಲೆ ನೋಡ್ತಾ ನೋಡ್ತಾ ರುಚಿ ಹತ್ತಿತು. ಒಬ್ಬಜ್ಜ ಒಂದು ಕಾಲಿಗೆ ಕರಿ ಕಾಲುಚೀಲ, ಇನ್ನೊಂದಕ್ಕೆ ನೀಲಿ ಹಾಕ್ಕೊಂಡು ಹೋಗೋರು. ಒಂದು ಮಗು ನೀರು ನಿಂತಲ್ಲೆಲ್ಲ ಬೇಕಂತ್ಲೇ ಕಾಲಿಡೋದು. ಅಷ್ಟು ದೂರ ಹೋದ್ರೂ ಮಕ್ಕಳು ಮಕ್ಕಳೇ ನೋಡಿ."

ಒಂದು ಸಂಜೆ ಕಿಟಕಿಯ ಮುಂದೆ ಕೆಂಪು ಚಪ್ಪಲಿಯೊಂದು ಗಕ್ಕನೆ ನಿಂತಿತು. ಪಟ್ಟಿ ಕಿತ್ತುಹೋಗಿತ್ತು. ಸೂಜಿಯಕ್ಕ ಸ್ಟೂಲು ಹತ್ತಿ, ಕಿಟಕಿ ತೆರೆದು, ಸೂಜಿ ದಾರ ಎತ್ತಿ ತೋರಿಸಿದರು. ಆಮೇಲೆ ಸರಳಿನ ಸಂದಿಯಿಂದ ಚಪ್ಪಲಿ ಒಳಗೆ ಬಂತು. ಹೊಲಿದು ವಾಪಸು ಕೊಟ್ಟಾಗ, ತೆಗೆದುಕೊಂಡ ಕೈ ಇವರ ಬೆರಳುಗಳನ್ನು ಒಮ್ಮೆ ಒತ್ತಿತು. ಮುಖ ಮಾತ್ರ ಕಾಣಲಿಲ್ಲ. ಮರುದಿನ ಅದೇ ಚಪ್ಪಲಿ ಅಲ್ಲೇ ನಿಂತು, ಟಪ್ ಟಪ್ ಎಂದು ನೆಲ ಕುಟ್ಟಿ ಮುಂದೆ ನಡೆಯಿತು. ಇದನ್ನು ಹೇಳುವಾಗ ಸೂಜಿಯಕ್ಕನ ಮುಖ ಅರಳುತ್ತದೆ. ಕೌದಿಯ ಕಥೆ ಕೇಳಲೆಂದು ಬಂದು ಕುಳಿತ ನನ್ನದೂ.

ಊರಿಗೆ ಬಂದವರೇ ಹಳೆಯ ವೇಷಗಳ ಚೂರುಪಾರುಗಳನ್ನು ಕೂಡಿಸಿ ಕೌದಿ ಶುರು ಮಾಡಿದರು. ಮೊದಲ ಪ್ರಯತ್ನ ಕೆಟ್ಟಿತು. ಕೊನೆಯ ಸಾಲಿನವರಿಗೂ ಕಾಣಲಿ ಎಂದು ದಪ್ಪ ಹೊಲಿಗೆ, ಢಾಳು ಬಣ್ಣ ಹಾಕಿಯೇ ಪಳಗಿದ ಕೈ ಅದು. ಅಜ್ಜನ ಸವೆದ ಬೂಟಿಗೂ ಜರಿಯಂಚು ಬಂದುಬಿಟ್ಟಿತ್ತು. "ಆ ಊರಲ್ಲಿ ಬರೀ ರಾಜರೇ ಓಡಾಡ್ತಾರಾ?" ಎಂದು ಗಂಡ ಕೇಳಿದ ಮೇಲೆ, ಎಲ್ಲ ಬಿಚ್ಚಿ ಸಣ್ಣ ಹೊಲಿಗೆಯಲ್ಲಿ ಮತ್ತೆ ಕೂಡಿಸಿದರು.

ಊರಿನ ಸಭಾಂಗಣದಲ್ಲಿ ನಡೆಯುವ ಕಲಾ ಪ್ರದರ್ಶನದಲ್ಲಿ ಇದು ತೂಗಬೇಕು ಎಂಬುದು ಅವರ ಆಸೆ. ಇಷ್ಟು ವರ್ಷ ಬೇರೆಯವರ ಮೈಗೆ ಹೊಲಿದವರು ತಮ್ಮದು ಅಂತ ಹೊಲಿದದ್ದು ಇದೊಂದೇ. ನೋಡಲು ಬಂದ ಪ್ರದರ್ಶನದ ವ್ಯವಸ್ಥಾಪಕರು ತಲೆ ಕೆರೆದುಕೊಂಡರು. ಪರದೇಶ ಅಂತ ಜನಕ್ಕೆ ಗೊತ್ತಾಗುವುದು ಹೇಗೆ, ಆ ಊರಿನ ಹೆಸರಾಂತ ಗೋಪುರ ನಡುವೆ ಒಂದಿರಲಿ, ಇಲ್ಲದಿದ್ದರೆ ಕಷ್ಟ ಎಂದರು. ಆಸೆ ಕೈತಪ್ಪೀತೆಂಬ ಭಯಕ್ಕೆ ಸೂಜಿಯಕ್ಕ ಚಿತ್ರವೊಂದನ್ನು ಮುಂದಿಟ್ಟುಕೊಂಡು ಗೋಪುರ ಹೊಲಿಯಲು ಕೂತೇಬಿಟ್ಟರು.

ತಡೆದವರು ಅತ್ತೆ. ಕನ್ನಡಕ ಮೂಗಿನ ತುದಿಗಿಳಿಸಿ ಕೇಳಿದರಂತೆ: "ನೀನು ನೋಡ್ದೇ ಇರೋದನ್ನ ಯಾಕೆ ಹೊಲೀತೀಯೇ? ನೋಡ್ದೇ ಇರೋದು ನಂಗೂ ಬೇಕಾದಷ್ಟಿದೆ. ನಾನೇನು ಹೊಲೀತಾ ಕೂತಿದ್ದೀನಾ?"

ಅರ್ಧ ಎದ್ದಿದ್ದ ಗೋಪುರ ಕೆಳಗಿಳಿಯಿತು. ಆ ಜಾಗದಲ್ಲಿ ಈಗ ಕೆಂಪು ಚಪ್ಪಲಿ ನಿಂತಿದೆ, ರಿಪೇರಿಯಾದ ಪಟ್ಟಿಯ ಸಮೇತ.

ವ್ಯವಸ್ಥಾಪಕರ ಉತ್ತರ ನಿನ್ನೆ ಬಂದಿದೆ. ಕೌದಿ ಹೀಗೇ ಇರಲಿ, ಆದರೆ ಒಳಗೆ ಜಾಗವಿಲ್ಲ. ಬಾಗಿಲ ಹೊರಗೆ, ಮೆಟ್ಟಿಲ ಪಕ್ಕದ ಗೋಡೆಗೆ ತೂಗುತ್ತಾರಂತೆ. ಗಂಡನಿಗೆ ಸಿಟ್ಟು ನೆತ್ತಿಗೇರಿದೆ. ಅತ್ತೆ ಆ ಮನುಷ್ಯನ ಜನ್ಮ ಜಾಲಾಡುತ್ತಿದ್ದಾರೆ. ಸೂಜಿಯಕ್ಕ ಮಾತ್ರ ಹಲ್ಲಲ್ಲಿ ದಾರ ಕಡಿದು, ನಿರಾಳವಾಗಿ ತಲೆಯೆತ್ತುತ್ತಾರೆ.

"ಮೆಟ್ಟಿಲೇ ಒಳ್ಳೇದು ಬಿಡಿ. ಬರೋರು, ಹೋಗೋರು ಎಲ್ಲಾ ಅಲ್ಲೇ ಹಾಯ್ಬೇಕು. ನಾನೂ ಪಕ್ಕದಲ್ಲೇ ನಿಂತಿರ್ತೀನಿ. ಅಲ್ಲಿ ಬರೀ ಕಾಲು ನೋಡ್ಕೊಂಡು ಬಂದೆ. ಇಲ್ಲಿ ಒಬ್ಬೊಬ್ಬರದೂ ಮುಖ ನೋಡ್ಬೇಕು."